ಮಾರದ ನೆಲ, ಸಾಲದ ಮನೆ

2016ರ ಮೇ 9ರಂದು ಕೆನಡಾದ ಉತ್ತರ ತುದಿಯ 25 ಊರುಗಳಲ್ಲಿ ಜನಮತಗಣನೆ ನಡೆಯಿತು. ಕೇಳಿದ್ದು ಒಂದೇ ಪ್ರಶ್ನೆ: ಊರಿನ ಜಮೀನನ್ನು ಮಾರುವ ಅಧಿಕಾರ ಊರಿನ ಪುರಸಭೆಗೆ ಇರಬೇಕೇ? ಒಂದು ಮೂವತ್ತು-ನಲವತ್ತು ಸೈಟಿಗಾಗಿ ಆಯುಷ್ಯದ ದುಡಿಮೆಯನ್ನೆಲ್ಲ ಅಡವಿಡುವ ನಾಡಿನಿಂದ ಬಂದ ನಮಗೆ, ಇಂಥ ಪ್ರಶ್ನೆಗೆ ಯಾರಾದರೂ ಬೇಡವೆಂದಾರು ಎಂದು ಊಹಿಸುವುದೂ ಕಷ್ಟ. 25ಕ್ಕೆ 25 ಊರುಗಳೂ ಬೇಡವೆಂದವು. 1995ರಲ್ಲಿ ಇದೇ ಪ್ರಶ್ನೆ ಮುಂದಿಟ್ಟಾಗಲೂ ಜನ ಬೇಡವೆಂದೇ ಹೇಳಿದ್ದರು.

ಆ ಸೀಮೆಯ ಹೆಸರು ನೂನಾವುಟ್. ಕೆನಡಾದ ಐದನೇ ಒಂದು ಭಾಗದಷ್ಟು ನೆಲ, ಸುಮಾರು 20 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಮಾತ್ರ 40,000ದ ಆಸುಪಾಸು, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಅವರಲ್ಲಿ ನೂರಕ್ಕೆ 85 ಮಂದಿ ಆ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನ. ಊರಿಂದ ಊರಿಗೆ ರಸ್ತೆಯಿಲ್ಲ. ಹೋಗಬೇಕೆಂದರೆ ವಿಮಾನವೇ ಗತಿ. 1999ರ ಏಪ್ರಿಲ್ 1ರಿಂದ ಅವರಿಗೆ ತಮ್ಮದೇ ಸರ್ಕಾರವಿದೆ, ಇಕಾಲುಯಿತ್ ಎಂಬ ರಾಜಧಾನಿಯಿದೆ. ಅಲ್ಲಿನ ಶಾಸನಸಭೆಯಲ್ಲಿ ಪಕ್ಷಗಳಿಲ್ಲ. ಗೆದ್ದು ಬಂದವರೇ ಕೂತು ತಮ್ಮೊಳಗೊಬ್ಬರನ್ನು ಪ್ರೀಮಿಯರ್ ಎಂದು ಆರಿಸಿಕೊಳ್ಳುತ್ತಾರೆ. ಊರೊಳಗಿನ ಜಮೀನನ್ನು ಲೀಸಿಗೆ ಪಡೆದು ಮನೆ ಕಟ್ಟಬಹುದು, ಕ್ರಯಕ್ಕೆ ಸಿಗುವುದಿಲ್ಲ. ಗೋಡೆ ಕಟ್ಟಿದವರದು, ಅಡಿಯ ನೆಲ ಊರಿನದು. ದಕ್ಷಿಣದ ದುಡ್ಡಿನವರು ಬಂದು ನೆಲ ಕೊಂಡುಕೊಂಡರೆ ನಾಳೆ ತಮ್ಮ ಮಕ್ಕಳು ಎಲ್ಲಿ ನಿಲ್ಲಬೇಕು ಎಂಬ ಮುಂದಾಲೋಚನೆಯಿಂದ ಕಾಯ್ದುಕೊಂಡ ವ್ಯವಸ್ಥೆ ಇದು.

ಇಷ್ಟು ಜತನದಿಂದ ನೆಲ ಉಳಿಸಿಕೊಂಡ ಜನಕ್ಕೆ ಮಲಗಲು ಜಾಗವಿಲ್ಲ. ಕೆನಡಾದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ, ನಾನು ನಿಮ್ಮ ಮುಂದಿಡಬೇಕಾಗಿರುವುದು ಈ ಮಾತನ್ನೇ.

ಅಲ್ಲಿನ ಮನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದ ಮೇಲೆ ಪಾಯ ತೋಡಲಾಗದು. ಮನೆಯ ಬಿಸಿ ತಾಗಿ ಮಣ್ಣು ಕರಗಿದರೆ ಗೋಡೆ ವಾಲುತ್ತದೆ. ಆದ್ದರಿಂದ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಬಹುಪಾಲು ಊರುಗಳಲ್ಲಿ ಕೊಳಾಯಿ ಸಾಲಿಲ್ಲ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬಂದು ಮನೆಯೊಳಗಿನ ತೊಟ್ಟಿ ಸೇರುತ್ತದೆ, ಕೊಳಚೆಯನ್ನು ಇನ್ನೊಂದು ಟ್ಯಾಂಕರು ಹೀರಿಕೊಂಡು ಹೋಗುತ್ತದೆ. ಹಿಮಗಾಳಿ ಎದ್ದು ಟ್ಯಾಂಕರು ಬರದಿದ್ದರೆ ಪಾತ್ರೆ ತೊಳೆಯುವುದೂ ಇಲ್ಲ, ಸ್ನಾನವೂ ಇಲ್ಲ. ನಾಲ್ಕು ಜನಕ್ಕೆಂದು ಅಳೆದ ಆ ತೊಟ್ಟಿಯ ನೀರಿನಲ್ಲಿ ಹತ್ತು-ಹನ್ನೆರಡು ಮಂದಿ ದಿನ ದೂಡಬೇಕು. ಎರಡು ಕೋಣೆಯ ಮನೆಯಲ್ಲಿ ಅಜ್ಜಿ, ಮಗಳು, ಅಳಿಯ, ಮೊಮ್ಮಕ್ಕಳು, ಎಲ್ಲೂ ಜಾಗ ಸಿಗದೆ ಬಂದು ಸೇರಿಕೊಂಡ ತಮ್ಮನ ಸಂಸಾರ. ಕೆಲವು ಮನೆಗಳಲ್ಲಿ ಪಾಳಿಯ ಮೇಲೆ ನಿದ್ದೆ: ಶಾಲೆಗೆ ಹೋಗುವ ಮಗು ಎದ್ದ ಹಾಸಿಗೆಯಲ್ಲಿ ರಾತ್ರಿಯೆಲ್ಲ ಸೋಫಾದ ತುದಿಯಲ್ಲಿ ಕೂತಿದ್ದ ಮಾವ ಮಲಗುತ್ತಾನೆ. ಹೊರಗೆ ಮೈನಸ್ 40 ಡಿಗ್ರಿ ಇರುವಾಗ ಕಿಟಕಿ ತೆರೆಯುವಂತಿಲ್ಲ. ಅಷ್ಟು ಜನರ ಉಸಿರಿನ ತೇವ ಗೋಡೆಗೆ ಅಂಟಿ ಬೂಷ್ಟು ಹಿಡಿಯುತ್ತದೆ. ಆ ಗಾಳಿಯಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಮನೆಗೆಲ್ಲ ಬಂದಂತೆ.

ಕೆಮ್ಮು ಎಂದರೆ ಬರೀ ನೆಗಡಿಯ ಕೆಮ್ಮಲ್ಲ, ಕ್ಷಯ. ಇನುಯಿಟ್ ಜನ ವಾಸಿಸುವ ಸೀಮೆಗಳಲ್ಲಿ ಕ್ಷಯರೋಗದ ಪ್ರಮಾಣ, ಕೆನಡಾದಲ್ಲೇ ಹುಟ್ಟಿದ ಮೂಲನಿವಾಸಿಗಳಲ್ಲದವರಿಗಿಂತ ಸುಮಾರು 300 ಪಟ್ಟು ಎಂದು 2016ರ ಲೆಕ್ಕ ಹೇಳಿತು. 2030ರೊಳಗೆ ಇದನ್ನು ನಿರ್ಮೂಲ ಮಾಡುತ್ತೇವೆ ಎಂದು 2018ರಲ್ಲಿ ಒಟ್ಟಾವಾ ಸರ್ಕಾರ ಮಾತು ಕೊಟ್ಟಿತು. 2021ರ ನವೆಂಬರಿನಲ್ಲಿ ಪ್ಯಾಂಗ್‌ನಿರ್ಟುಂಗ್ ಎಂಬ ಪುಟ್ಟ ಊರಿನಲ್ಲಿ ಕ್ಷಯ ಹಬ್ಬಿದೆಯೆಂದು ಅಧಿಕೃತವಾಗಿ ಸಾರಬೇಕಾಯಿತು. ಮಾತ್ರೆ ಕೊಟ್ಟು, ರೋಗಿಯನ್ನು ಮತ್ತೆ ಅದೇ ಹನ್ನೆರಡು ಜನರ ಕೋಣೆಗೆ ಕಳಿಸಿದರೆ ಯಾವ ರೋಗ ತಾನೇ ಹೋದೀತು?

ಈ ಇಕ್ಕಟ್ಟನ್ನು ತಂದವರು ಯಾರು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇನುಯಿಟ್ ಜನ ಒಂದೇ ಕಡೆ ಬೀಡುಬಿಟ್ಟವರಲ್ಲ. ಸೀಲ್, ಕಾರಿಬೂ, ಮೀನು ಎಲ್ಲಿ ಸಿಕ್ಕುವುದೋ ಅಲ್ಲಿಗೆ ಋತುಮಾನ ನೋಡಿ ಹೋಗುತ್ತಿದ್ದವರು. 1950 ಮತ್ತು 60ರ ದಶಕಗಳಲ್ಲಿ ಸರ್ಕಾರ ಅವರನ್ನು ಊರುಗಳಿಗೆ ಎಳೆದು ತಂದಿತು. ಮಕ್ಕಳು ಶಾಲೆಗೆ ಬರದಿದ್ದರೆ ಕುಟುಂಬ ಭತ್ಯೆ ನಿಲ್ಲಿಸುತ್ತೇವೆ ಎಂಬ ಬೆದರಿಕೆ ಒಂದು ಕಡೆ. ಬನ್ನಿ, ಮನೆ ಕೊಡುತ್ತೇವೆ, ಬಾಡಿಗೆ ಕೈಗೆಟಕುವಷ್ಟೇ ಎಂಬ ಆಸೆ ಇನ್ನೊಂದು ಕಡೆ. ಬಂದವರಿಗೆ ಸಿಕ್ಕಿದ್ದು ಜನ ಬೆಂಕಿಪೆಟ್ಟಿಗೆ ಎಂದು ಕರೆದ ಒಂಟಿ ಕೋಣೆಯ ಮನೆ. ಅವರ ಕಾಲು ಎನ್ನಬಹುದಾಗಿದ್ದ ಜಾರುಬಂಡಿ ನಾಯಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಮರಳಿ ಹೋಗುವ ದಾರಿಯೂ ಮುಚ್ಚಿತು. ಇದನ್ನೆಲ್ಲ ಹಿರಿಯರ ಬಾಯಿಂದಲೇ ಕೇಳಿ ಬರೆದಿಟ್ಟದ್ದು ಕಿಕಿಕ್ತಾನಿ ಸತ್ಯ ಆಯೋಗ. 2019ರ ಆಗಸ್ಟ್‌ನಲ್ಲಿ ಒಟ್ಟಾವಾ ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಿತು.

ಅದಕ್ಕೂ ಮೊದಲಿನ ಕ್ಷಮೆ 2010ರದು. 1953 ಮತ್ತು 1955ರಲ್ಲಿ ಉತ್ತರ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಕುಟುಂಬಗಳನ್ನು ಸುಮಾರು 2000 ಕಿಲೋಮೀಟರ್ ಉತ್ತರಕ್ಕೆ, ಚಳಿಗಾಲದ ತಿಂಗಳುಗಟ್ಟಲೆ ಸೂರ್ಯನೇ ಮೂಡದ ಗ್ರೀಸ್ ಫಿಯರ್ಡ್ ಮತ್ತು ರೆಸಲ್ಯೂಟ್‌ಗೆ ಸಾಗಿಸಿದ್ದಕ್ಕೆ. ಎರಡು ವರ್ಷದಲ್ಲಿ ಇಷ್ಟವಾಗದಿದ್ದರೆ ವಾಪಸ್ ಕರೆತರುತ್ತೇವೆ ಎಂದಿದ್ದರು, ಕರೆತರಲಿಲ್ಲ. ಆ ದೂರದ ದ್ವೀಪಗಳಲ್ಲಿ ಕೆನಡಾದ ಹಕ್ಕು ತೋರಿಸಲು ನೆಟ್ಟ ಬಾವುಟದ ಕಂಬಗಳು ನಾವು ಎಂದು ಆ ಕುಟುಂಬಗಳು ಹೇಳಿಕೊಂಡವು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಎತ್ತಂಗಡಿಯಾದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವುದನ್ನು ಬಲ್ಲ ಮಲೆನಾಡಿನವರಿಗೆ, ಸರ್ಕಾರ ಕೊಟ್ಟ ಮಾತಿನ ಆಯುಷ್ಯ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಹಾಗಾಗಿ ನೂನಾವುಟ್‌ನ ಜನಕ್ಕೆ ಕೊಡುವ ಮನೆ ದಾನವಲ್ಲ, ದೇಶದ ಮೇಲಿರುವ ಸಾಲ. ಕೊಡುವವರು ಸಾಲಗಾರರು ಎಂಬುದನ್ನು ಮರೆತಾಗಲೇ ಎಲ್ಲ ಮಾತೂ ಹಾದಿ ತಪ್ಪುವುದು.

ಸಾಲ ತೀರಿಸುವ ಬದಲು ಒಟ್ಟಾವಾ ಏನು ಮಾಡಿತು? 1993ರ ಮೇ 25ರಂದು ಇನುಯಿಟ್ ಜನ ಕೆನಡಾದೊಂದಿಗೆ ಭೂ ಒಪ್ಪಂದಕ್ಕೆ ಸಹಿ ಹಾಕಿದರು. ತಲೆತಲಾಂತರದ ತಮ್ಮ ನೆಲದ ಹಕ್ಕುಗಳನ್ನು ಬಿಟ್ಟುಕೊಟ್ಟು, ಸುಮಾರು 3,50,000 ಚದರ ಕಿಲೋಮೀಟರಿನ ಒಡೆತನ, 14 ವರ್ಷಗಳಲ್ಲಿ ಹಂಚಿ ಬರುವ ನೂರು ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ ಮತ್ತು ತಮ್ಮದೇ ಸರ್ಕಾರದ ಭರವಸೆ ಪಡೆದರು. ಅದೇ 1993ರಲ್ಲಿ, ಹೊಸ ಸರ್ಕಾರಿ ಬಾಡಿಗೆ ಮನೆಗಳಿಗೆ ಹಣ ಕೊಡುವುದನ್ನು ಒಟ್ಟಾವಾ ನಿಲ್ಲಿಸಿತು. ಒಂದು ಕೈಯಲ್ಲಿ ಸಹಿ, ಇನ್ನೊಂದು ಕೈಯಲ್ಲಿ ಬೀಗ. ಆರು ವರ್ಷಗಳ ನಂತರ ಹುಟ್ಟಿದ ನೂನಾವುಟ್ ಸರ್ಕಾರ ಹುಟ್ಟುವಾಗಲೇ ಮನೆಗಳ ಬಾಕಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹುಟ್ಟಿತು. ಒಪ್ಪಂದದ ಮಾತುಗಳನ್ನು ಪಾಲಿಸಿ ಎಂದು ಕೇಳಲು ಇನುಯಿಟ್ ಸಂಸ್ಥೆಯಾದ ನೂನಾವುಟ್ ಟುಂಗವಿಕ್ 2006ರಲ್ಲಿ ಕೋರ್ಟಿಗೇ ಹೋಗಬೇಕಾಯಿತು, 2015ರಲ್ಲಿ 25.55 ಕೋಟಿ ಡಾಲರಿಗೆ ರಾಜಿಯಾಯಿತು.

ಅದೇ 1993ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು, ಮುಮಿಲಾಕ್ ಕಕ್ಕಾಕ್, 2019ರಲ್ಲಿ ತನ್ನ 25ನೇ ವಯಸ್ಸಿಗೆ ನೂನಾವುಟ್‌ನ ಸಂಸದೆಯಾದರು. ಊರೂರಿಗೆ ಹೋಗಿ, ಮನೆಯೊಳಗೆ ಕಾಲಿಟ್ಟು, ಬೂಷ್ಟು ಹಿಡಿದ ಗೋಡೆಗಳನ್ನು ಕಂಡು, ಜನರ ಮಾತು ಕೇಳಿ 2021ರಲ್ಲಿ ವರದಿ ಬರೆದರು. ಅದಕ್ಕೆ ನಾಲ್ಕು ವರ್ಷ ಮೊದಲೇ ಕೆನಡಾದ ಸೆನೆಟ್ ಸಮಿತಿಯೊಂದು ಇದೇ ವಿಷಯದ ಮೇಲೆ ವರದಿ ಕೊಟ್ಟಿತ್ತು. ವರದಿಗಳಿಗೆ ಬರವಿಲ್ಲ. ಮನೆಗೇ ಬರ.

ಹಾಗೆಂದು ಎಲ್ಲ ತಪ್ಪನ್ನೂ ಒಟ್ಟಾವಾದ ತಲೆಗೆ ಕಟ್ಟಿ ನೂನಾವುಟ್ ಸರ್ಕಾರವನ್ನು ಬಿಟ್ಟುಬಿಡಲಾಗದು. 2006ರಲ್ಲಿ ಕೇಂದ್ರ ಸರ್ಕಾರ ಮನೆಗಳಿಗೆಂದು 20 ಕೋಟಿ ಡಾಲರ್ ಕೊಟ್ಟಿತು. ಮನೆಗಳು ಎದ್ದವು, ಆದರೆ ಲೆಕ್ಕ ನೋಡಿದಾಗ ಖರ್ಚು ಅಂದಾಜಿಗಿಂತ ಸುಮಾರು 11 ಕೋಟಿ ಡಾಲರ್ ಮೇಲೆ ಹೋಗಿತ್ತು. ಆ ಹೊರೆ ಬಿದ್ದದ್ದು ಮುಂದಿನ ವರ್ಷಗಳ ಬಜೆಟ್ಟುಗಳ ಮೇಲೆ, ಅಂದರೆ ಇನ್ನೂ ಮನೆ ಸಿಗದವರ ಮೇಲೆ. ದಕ್ಷಿಣದಿಂದ ನೇಮಕವಾಗಿ ಬರುವ ಸರ್ಕಾರಿ ನೌಕರನಿಗೆ ಕೆಲಸದ ಜೊತೆಗೇ ರಿಯಾಯಿತಿ ಬಾಡಿಗೆಯ ಕ್ವಾರ್ಟರ್ಸ್ ಸಿಗುವುದುಂಟು. ಅದೇ ಊರಲ್ಲಿ ಹುಟ್ಟಿ ಬೆಳೆದ ಹುಡುಗಿ ಸರದಿ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುತ್ತಾಳೆ. ಜನಸಂಖ್ಯೆಯಲ್ಲಿ ಎಷ್ಟು ಪಾಲೋ ನೌಕರಿಯಲ್ಲೂ ಇನುಯಿಟ್ ಜನಕ್ಕೆ ಅಷ್ಟೇ ಪಾಲು ಎಂದು ಒಪ್ಪಂದ ಹೇಳುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಅವರು ಇನ್ನೂ ಅರ್ಧದ ಆಸುಪಾಸಿನಲ್ಲೇ ಇದ್ದಾರೆ. ಮನೆಯಿಲ್ಲದವಳು ರಾತ್ರಿ ಎಲ್ಲಿ ಓದಿ, ಯಾವ ಪರೀಕ್ಷೆ ಬರೆದು, ಬೆಳಿಗ್ಗೆ ಹೇಗೆ ಕೆಲಸಕ್ಕೆ ಬರಬೇಕು? ಸ್ವಂತ ಜನರ ಸರ್ಕಾರದಿಂದಲೇ ಈ ತಾರತಮ್ಯ ನಡೆದರೆ ಅದು ಇನ್ನಷ್ಟು ನೋಯಿಸುತ್ತದೆ.

2022ರ ಅಕ್ಟೋಬರಿನಲ್ಲಿ ಆ ಸರ್ಕಾರ ದೊಡ್ಡ ಸಂಕಲ್ಪವೊಂದನ್ನು ಸಾರಿತು: 2030ರೊಳಗೆ 3000 ಮನೆ. ಅದರಲ್ಲಿ 1400 ಸರ್ಕಾರಿ ಬಾಡಿಗೆ ಮನೆ, 900 ಕೈಗೆಟಕುವ ಬೆಲೆಯವು, 400 ಮಾರುಕಟ್ಟೆ ದರದವು, 300 ಆಸರೆ ಬೇಕಾದವರಿಗೆ. ಜೊತೆಗೆ ಇನುಯಿಟ್ ಯುವಕರಿಗೆ ಮರಗೆಲಸ, ಪ್ಲಂಬಿಂಗ್, ವೈರಿಂಗ್ ತರಬೇತಿ. ಸಂಕಲ್ಪ ಒಳ್ಳೆಯದೇ. ಆದರೆ ಮನೆ ಕಟ್ಟುವುದು ಕಾಗದದ ಮೇಲಲ್ಲ, ಕ್ಯಾಲೆಂಡರಿನ ಮೇಲೆ. ಮೊಳೆಯಿಂದ ಹಿಡಿದು ಕಿಟಕಿಯವರೆಗೆ ಎಲ್ಲ ಸಾಮಾನೂ ದಕ್ಷಿಣದ ಬಂದರುಗಳಿಂದ ಬರಬೇಕು. ಸಮುದ್ರದ ಹಿಮ ಬಿಡುವ ಬೇಸಿಗೆಯ ಕೆಲವೇ ತಿಂಗಳಲ್ಲಿ ಬರುವ ಸರಕು ಹಡಗು, ಅಲ್ಲಿನವರ ಬಾಯಲ್ಲಿ ಸೀಲಿಫ್ಟ್, ಅದೊಂದೇ ದಾರಿ. ಒಟ್ಟಾವಾದ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರು. ಮಂಜೂರಾತಿ ಆದೇಶ ಜೂನ್, ಜುಲೈ ಹೊತ್ತಿಗೆ ಕೈಸೇರಿದರೆ, ಅಷ್ಟರಲ್ಲಿ ಸಾಮಾನು ಬುಕ್ ಮಾಡಿ ಹಡಗಿಗೆ ಏರಿಸುವ ಗಡುವು ಮುಗಿದಿರುತ್ತದೆ. ಒಂದು ತಿಂಗಳ ತಡ ಅಲ್ಲಿ ಒಂದಿಡೀ ವರ್ಷದ ತಡ. ಅಷ್ಟರಲ್ಲಿ ಬೆಲೆ ಏರಿರುತ್ತದೆ. ಒಂದೊಂದು ಮನೆಗೆ ಹತ್ತು ಲಕ್ಷ ಡಾಲರ್ ಕೇಳಿದ ಟೆಂಡರುಗಳೂ ಬಂದಿವೆ. ವರ್ಷ ವರ್ಷ ತೊಟ್ಟು ತೊಟ್ಟಾಗಿ ಬರುವ ಹಣದಿಂದ ಈ ಮನೆಗಳು ಏಳುವುದಿಲ್ಲ. ಹತ್ತು ವರ್ಷಕ್ಕೆ ಇಷ್ಟು ಎಂದು ಮೊದಲೇ ಕೈಗಿಡುವ ಹಣ ಬೇಕು.

ಆದರೆ ಕೊಡುತ್ತಿದ್ದದ್ದನ್ನೂ ನಿಲ್ಲಿಸುವುದು ಒಟ್ಟಾವಾಕ್ಕೆ ಎಷ್ಟು ಸಲೀಸು! ನೂನಾವುಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹೊಟ್ಟೆ ತುಂಬ ಸರಿಯಾದ ಊಟದ ಖಾತ್ರಿಯಿಲ್ಲ. ಇಡೀ ಕೆನಡಾದಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಬೇರೆಲ್ಲೂ ಇಲ್ಲ. ಇನುಯಿಟ್ ಮಕ್ಕಳಿಗಾಗಿ ಇಟ್ಟಿದ್ದ ಕೇಂದ್ರದ ನಿಧಿಯಿಂದ ಊರುಗಳ ಆಡಳಿತಗಳು ದಿನಸಿ ಕೊಳ್ಳುವ ಕೂಪನ್ನು ಹಂಚುತ್ತಿದ್ದವು, ಹಲವು ಊರುಗಳಲ್ಲಿ ಒಂದು ಮಗುವಿಗೆ ತಿಂಗಳಿಗೆ 500 ಡಾಲರಿನಂತೆ. ಹಾಲು, ಮೊಟ್ಟೆ, ಹಣ್ಣು ಆ ಮನೆಗಳ ಅಡುಗೆಮನೆ ಸೇರಿದ್ದೇ ಆ ಕೂಪನ್ನಿನಿಂದ. 2025ರ ಮಾರ್ಚ್ ಕೊನೆಗೆ ಅದು ನಿಂತಿತು. ಅದೇ ಮಾರ್ಚ್ 18ರಂದು ಪ್ರಧಾನಿ ಮಾರ್ಕ್ ಕಾರ್ನಿ ಇಕಾಲುಯಿತ್‌ಗೇ ಹೋಗಿ, ಆರ್ಕ್ಟಿಕ್ ಆಕಾಶ ಕಾಯುವ ರಾಡಾರ್ ವ್ಯವಸ್ಥೆಗೆ 600 ಕೋಟಿ ಡಾಲರ್ ಎಂದು ಸಾರಿದರು. ಗಡಿ ಕಾಯಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಆರ್ಕ್ಟಿಕ್ ನಮ್ಮದು ಎಂದು ಕೆನಡಾ ಜಗತ್ತಿಗೆ ಎದೆ ತಟ್ಟಿ ಹೇಳುವುದು ಅಲ್ಲಿ ಬಾಳುತ್ತಿರುವ ಆ 40,000 ಜನರ ಬಲದ ಮೇಲೆ. 1953ರಲ್ಲಿ ಬಾವುಟದ ಕಂಬವಾದವರ ಮಕ್ಕಳಿಗೆ 2025ರಲ್ಲಿ ರಾಡಾರ್ ತೋರಿಸಿ ಕೂಪನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ?

ಈಗ ದೊಡ್ಡ ತಿರುವೊಂದು ಹತ್ತಿರದಲ್ಲಿದೆ. 2024ರ ಜನವರಿ 18ರಂದು ಇಕಾಲುಯಿತ್‌ನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ, ಇದುವರೆಗೆ ಒಟ್ಟಾವಾದ ಕೈಯಲ್ಲಿದ್ದ ಸರ್ಕಾರಿ ಜಮೀನು ಮತ್ತು ಖನಿಜಗಳ ಆಡಳಿತ 2027ರ ಏಪ್ರಿಲ್ 1ರೊಳಗೆ ನೂನಾವುಟ್ ಸರ್ಕಾರಕ್ಕೆ ದಾಟಬೇಕು. ಅಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ. ಅದಿರು ಅಗೆದ ಸೀಮೆಯ ಪಾಡು ಏನಾಗುತ್ತದೆಂದು ಬಳ್ಳಾರಿ ಕಂಡ ನಮಗೆ ಗೊತ್ತು. ಜಮೀನಿನ ಅಧಿಕಾರ ಬಂದರೂ ಮನೆಯ ಬಾಕಿ ತೀರದಿದ್ದರೆ, ಗಣಿಯ ಗುತ್ತಿಗೆಗಳು ಮೊದಲು ಸಹಿಯಾಗಿ ಜನ ಕೊನೆಗೆ ಉಳಿಯುತ್ತಾರೆ. ಅಧಿಕಾರ ದಾಟಿಸಿ ಕೈತೊಳೆದುಕೊಳ್ಳುವ ನೆಪ ಒಟ್ಟಾವಾಕ್ಕೆ ಸಿಗಬಾರದು.

ಊಟದ ಮೇಜಿನ ಸುತ್ತ ನಮ್ಮವರು ಆಡುವ ಮಾತುಗಳೂ ನನಗೆ ಗೊತ್ತು. “ಅಷ್ಟು ಚಳಿಯಲ್ಲಿ ಯಾಕ್ರೀ ಇರಬೇಕು, ದಕ್ಷಿಣಕ್ಕೆ ಬಂದುಬಿಡಲಿ.” ಎತ್ತಿ ಅಲ್ಲಿ ಕೂರಿಸಿದ್ದೂ ಸರ್ಕಾರವೇ, ಈಗ ಏಳಿ ಎನ್ನುವುದೂ ನಾವೇ? ಅದು ಅವರ ಅಜ್ಜ ಮುತ್ತಜ್ಜಂದಿರ ನೆಲ. ಅಲ್ಲಿಗೆ ಅವರು ವೀಸಾ ಪಡೆದು ಬಂದವರಲ್ಲ. “ಎಲ್ಲ ಬಿಟ್ಟಿ ಸಿಗುತ್ತೆ ಅವರಿಗೆ, ನಮ್ಮ ಟ್ಯಾಕ್ಸ್ ದುಡ್ಡು.” ಬಿಟ್ಟಿಯಲ್ಲ, ಆ ಮನೆಗಳಿಗೆ ಆದಾಯ ನೋಡಿ ಬಾಡಿಗೆಯಿದೆ. ಮತ್ತೆ, ಟೊರಾಂಟೊದ ನಮ್ಮ ಬೀದಿಗೆ ಬರುವ ನೀರು, ರೈಲು, ಆಸ್ಪತ್ರೆಗಳೂ ಎಲ್ಲರ ತೆರಿಗೆಯಿಂದಲೇ ಬಂದವು. “ಅಷ್ಟೇ ಜನಕ್ಕೆ ಅಷ್ಟೊಂದು ಖರ್ಚೇ?” ಮನೆ ಕಟ್ಟದ ಖರ್ಚೂ ಕಡಿಮೆಯಲ್ಲ. ಕಾಯಿಲೆ ಬಿದ್ದವರನ್ನು ಪ್ರತಿ ಸಲವೂ ವಿಮಾನದಲ್ಲಿ ಒಟ್ಟಾವಾ, ವಿನಿಪೆಗ್, ಎಡ್ಮಂಟನ್‌ಗೆ ಸಾಗಿಸಬೇಕು. ನೆನಪು ಮಾಸಿದ ಹಿರಿಯರನ್ನು ನೋಡಿಕೊಳ್ಳಲು ಊರಿನಲ್ಲಿ ಸಾಕಷ್ಟು ಜಾಗವಿಲ್ಲದೆ, 2000 ಕಿಲೋಮೀಟರ್ ಆಚೆಯ ಒಟ್ಟಾವಾದ ಆರೈಕೆ ಕೇಂದ್ರಕ್ಕೆ ಕಳಿಸಿದ್ದಾರೆ. ತನ್ನ ಮಾತು ಆಡುವವರು ವಿರಳವಾದ, ಬೇಯಿಸಿದ ಸೀಲ್ ಮಾಂಸದ ವಾಸನೆಯಿಲ್ಲದ ಊರಿನಲ್ಲಿ ಅಜ್ಜಿಯೊಬ್ಬಳು ಕೊನೆಯ ದಿನಗಳನ್ನು ಕಳೆಯುತ್ತಾಳೆ. ಊರಿನಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನನ್ನು ನೆನೆದು ಕಣ್ಣೀರಿಡುವ ನಮಗೆ ಈ ನೋವು ಅರ್ಥವಾಗದೇ?

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರು ಒಂದು ಕ್ಷಣ ಪೌರತ್ವದ ದಿನವನ್ನು ನೆನೆಯಿರಿ. 2021ರ ಜೂನ್‌ನಿಂದ ಕೆನಡಾದ ಪ್ರಮಾಣವಚನ ಬದಲಾಗಿದೆ. ಮೂಲಜನಾಂಗಗಳ, ಇನುಯಿಟ್ ಜನರ, ಮೇಟಿ ಜನರ ಹಕ್ಕುಗಳನ್ನೂ ಅವರೊಂದಿಗಿನ ಒಪ್ಪಂದಗಳ ಹಕ್ಕುಗಳನ್ನೂ ಎತ್ತಿಹಿಡಿಯುವ ಸಂವಿಧಾನವನ್ನು ನಿಷ್ಠೆಯಿಂದ ಪಾಲಿಸುತ್ತೇನೆ ಎಂದು ಹೊಸ ಪೌರರು ಬಲಗೈ ಎತ್ತಿ ಹೇಳುತ್ತಾರೆ. 1993ರ ನೂನಾವುಟ್ ಒಪ್ಪಂದ ಆ ಸಂವಿಧಾನದ ರಕ್ಷಣೆಯಲ್ಲಿರುವ ಒಪ್ಪಂದಗಳಲ್ಲಿ ಒಂದು. ನಮ್ಮಲ್ಲಿ ಎಷ್ಟೋ ಮಂದಿ ಆ ಮಾತನ್ನು ಹೇಳಿದ್ದೇವೆ. ಮೊದಲೇ ಪೌರರಾದವರಿಗೂ ಅದೇ ಸಂವಿಧಾನ. ಹಲವು ಸಭೆಗಳಲ್ಲಿ, ನಾವು ನಿಂತಿರುವ ನೆಲ ಯಾರದು ಎಂದು ಎರಡು ಸಾಲು ಓದಿ ಕೂರುವ ಪದ್ಧತಿಯಿದೆ. ಎರಡು ಸಾಲು ಓದಿದ ಬಾಯಿ ಮೂರನೆಯ ಸಾಲಿಗೆ ಏಕೆ ಮುಚ್ಚಬೇಕು?

ಆದ್ದರಿಂದ ಕೇಳೋಣ. ಒಟ್ಟಾವಾವನ್ನು ಕೇಳೋಣ: ಮನೆಗಳ ಹಣವನ್ನು ಹತ್ತು ವರ್ಷಗಳ ಕಂತಿನಲ್ಲಿ, ಹಡಗು ಹೊರಡುವ ಮೊದಲೇ ಕೈಗಿಡಿ; ಮಕ್ಕಳ ಊಟದ ನಿಧಿಯನ್ನು ಖಾಯಂ ಮಾಡಿ; ಜಮೀನಿನ ಅಧಿಕಾರದ ಜೊತೆಗೆ ಮನೆಗಳ ಬಾಕಿ ತೀರಿಸುವ ದಿನಾಂಕವನ್ನೂ ಬರೆದುಕೊಡಿ. ನೂನಾವುಟ್ ಸರ್ಕಾರವನ್ನು ಕೇಳುವ ಹಕ್ಕು ಅಲ್ಲಿನ ಜನರದು; ಅವರ ದನಿಗೆ ನಮ್ಮ ದನಿ ಸೇರಿಸೋಣ: ಊರೂರಿನ ಸರದಿ ಪಟ್ಟಿ ಮತ್ತು ಖಾಲಿ ಮನೆಗಳ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ; ಹೊಸ ಮನೆಗೆ ರಿಬ್ಬನ್ ಕತ್ತರಿಸುವ ಮೊದಲು ಹಳೆಯ ಮನೆಯ ಬೂಷ್ಟು ಹೋಗಲಿ; ಊರಿನ ಹುಡುಗಿಗೂ ಕ್ವಾರ್ಟರ್ಸಿನಲ್ಲಿ ಪಾಲಿರಲಿ. ನಮ್ಮಲ್ಲಿ ನರ್ಸ್ ಆಗಿ, ಮೇಷ್ಟ್ರಾಗಿ, ಎಂಜಿನಿಯರ್ ಆಗಿ ಅಲ್ಲಿಗೆ ಹೋಗುವವರು ಅಲ್ಲಿನ ಮಕ್ಕಳಿಗೆ ತಮ್ಮ ಕಸುಬು ಕಲಿಸಿ ಬರಲಿ. ರಾಜ್ಯೋತ್ಸವಕ್ಕೆ ಸಂಸದರನ್ನು ಕರೆದು ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಕಳಿಸುವ ನಮ್ಮ ಸಂಘಗಳು, ಶಾಲು ಹೊದಿಸಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿ.

ಕೆನಡಾದ ಯಾವುದೇ ಸಂಸದರಿಗೆ ಪಾರ್ಲಿಮೆಂಟಿನ ವಿಳಾಸಕ್ಕೆ ಬರೆಯುವ ಕಾಗದಕ್ಕೆ ಅಂಚೆ ಚೀಟಿ ಹಚ್ಚಬೇಕಿಲ್ಲ. ತಮ್ಮ ನೆಲವನ್ನು ಮಾರುವುದಿಲ್ಲ ಎಂದು ಎರಡು ಸಲ ಗಟ್ಟಿಯಾಗಿ ಹೇಳಿದ ಜನಕ್ಕೆ, ಕೊಟ್ಟ ಮಾತನ್ನು ನಾವೂ ಮಾರಿಕೊಳ್ಳುವುದಿಲ್ಲ ಎಂದು ಹೇಳಲು ನಮಗೆ ತಗಲುವ ಖರ್ಚು ಒಂದು ಹಾಳೆ, ಒಂದು ಲಕೋಟೆ. ಈ ವಾರವೇ ಬರೆಯಿರಿ.